ಮೂರು ಪೌಂಡಿನ ಪಾಠ
ದಕ್ಷಿಣ ಆಫ್ರಿಕದ ಭಾರತೀಯರ ಹೋರಾಟದಲ್ಲಿ ಒಗ್ಗಟ್ಟು ಮತ್ತು ಒಡಕು



ಚಾಮರಾಜಪೇಟೆಯಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಬಸವನಗುಡಿಯ ಕಡೆಗೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ರಾಮಕೃಷ್ಣ ಆಶ್ರಮ ದಾಟಿ, ದೊಡ್ಡ ಬಸವಣ್ಣನ ಗುಡಿ ದಾಟಿ ನರಸಿಂಹರಾಜ ಕಾಲೋನಿಯ ಬಳಿ ಬಂದರೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸಿಗುತ್ತದೆ. ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ವಾಚನಾಲಯದಲ್ಲಿ ಕುಳಿತು ಪರೀಕ್ಷೆಗೆ ಓದಿದವರು ನಮ್ಮ ಸದಸ್ಯರಲ್ಲೂ ಇರಬಹುದು. ಆದರೆ ಬಾಗಿಲ ಮೇಲಿನ ಆ ಹೆಸರಿನ ಬಗ್ಗೆ ಎಂದಾದರೂ ಯೋಚಿಸಿದ್ದೀರಾ?

ಗೋಪಾಲಕೃಷ್ಣ ಗೋಖಲೆಯವರು 1915ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಮೇ 8ರಂದು ಬೆಂಗಳೂರಿನಲ್ಲಿ ಅವರ ಭಾವಚಿತ್ರವನ್ನು ಅನಾವರಣ ಮಾಡಲು ಒಬ್ಬ ಅತಿಥಿ ಬಂದರು. ಆಗಷ್ಟೇ ದಕ್ಷಿಣ ಆಫ್ರಿಕದಿಂದ ಮರಳಿದ್ದ ಮೋಹನದಾಸ ಗಾಂಧಿಯವರು. ಅಲ್ಲಿನ ಭಾರತೀಯರ ಕಷ್ಟವನ್ನು ಕಣ್ಣಾರೆ ನೋಡಲು ಗೋಖಲೆಯವರು 1912ರಲ್ಲಿ ಆ ದೇಶಕ್ಕೆ ಹೋಗಿದ್ದರು. ಮುಂದಿನ ವರ್ಷ ಹೋರಾಟಗಾರರಿಗಾಗಿ ಭಾರತದಲ್ಲಿ ಹಣ ಕೂಡಿಸಿದ್ದರು. ಗಾಂಧಿಯವರನ್ನು ಬೆಂಗಳೂರಿಗೆ ಕರೆತಂದದ್ದು ಆ ಋಣ.

ದಕ್ಷಿಣ ಆಫ್ರಿಕದ ಹೋರಾಟವನ್ನು ನಮ್ಮ ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಬಿಳಿಯರು ಗಾಂಧಿಯವರನ್ನು ರೈಲಿನಿಂದ ಹೊರದಬ್ಬಿದರು, ಭಾರತೀಯರೆಲ್ಲ ಒಂದಾದರು, ಗೆದ್ದರು ಎಂಬಂತೆ. ಇತಿಹಾಸದ ಪುಟಗಳನ್ನು ತಿರುವಿದರೆ ಕಾಣುವುದು ಬೇರೆಯೇ. ಅಲ್ಲಿ ಗುಮಾನಿ ಇದೆ, ಬಣ ಇದೆ, ಸ್ವಂತದವರ ದೊಣ್ಣೆಯೇಟಿದೆ, ಕೊಲೆಯೂ ಇದೆ. ಅದರ ನಡುವೆಯೇ ಒಗ್ಗಟ್ಟೂ ಇದೆ. ಆ ಹೋರಾಟವನ್ನು ಆರಂಭಿಸಿದವರಲ್ಲಿ ಬಹುಪಾಲು ಮುಸ್ಲಿಂ ವ್ಯಾಪಾರಿಗಳು. ಆದ್ದರಿಂದ ಈ ಕಥೆಯನ್ನು ನಾವು ಸ್ವಲ್ಪ ನಿಧಾನವಾಗಿಯೇ ಓದಬೇಕಾಗಿದೆ.

'ಅರಬರು' ಮತ್ತು 'ಕೂಲಿಗಳು'

1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದ್ರಾಸಿನಿಂದ ಡರ್ಬನ್ ಬಂದರಿಗೆ ಬಂತು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಕರೆತಂದ ಕೂಲಿಗಳು ಅದರಲ್ಲಿದ್ದರು. 'ಅಗ್ರಿಮೆಂಟ್' ಎಂಬ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. 1911ರವರೆಗೆ ಸುಮಾರು 1,52,000 ಜನರನ್ನು ಹೀಗೆ ಸಾಗಿಸಲಾಯಿತು. ಅವರಲ್ಲಿ ತಮಿಳರು, ತೆಲುಗರು, ಬಿಹಾರ ಮತ್ತು ಅವಧ್ ಪ್ರಾಂತ್ಯದವರು ಹೆಚ್ಚು. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ ಸಂಬಳ 10 ಶಿಲ್ಲಿಂಗ್.

ಅವರ ಹಿಂದೆಯೇ ಸ್ವಂತ ಟಿಕೆಟ್ ಕೊಂಡು ಗುಜರಾತಿನ ವ್ಯಾಪಾರಿಗಳು ಬಂದರು. ಮೇಮನರು ಮತ್ತು ಸೂರತ್ ಕಡೆಯ ಮುಸ್ಲಿಮರು ಅವರಲ್ಲಿ ಪ್ರಮುಖರು. ಬಿಳಿಯರ ಕಣ್ಣಿಗೆ ಎಲ್ಲ ಭಾರತೀಯರೂ 'ಕೂಲಿ'ಗಳೇ. ವಕೀಲನಾದರೆ 'ಕೂಲಿ ವಕೀಲ', ವ್ಯಾಪಾರಿಯಾದರೆ 'ಕೂಲಿ ವ್ಯಾಪಾರಿ'. ಈ ಅವಮಾನದಿಂದ ಪಾರಾಗಲು ಮುಸ್ಲಿಂ ವ್ಯಾಪಾರಿಗಳು ತಮ್ಮನ್ನು 'ಅರಬರು' ಎಂದು ಕರೆದುಕೊಂಡರು. ಪಾರ್ಸಿ ಗುಮಾಸ್ತರು 'ಪರ್ಷಿಯನ್ನರು' ಎಂದುಕೊಂಡರು. ಹೆಸರು ಬದಲಿಸಿದರೆ ಏಟು ಪಕ್ಕದವನಿಗೆ ಬೀಳುತ್ತದೆ ಎಂಬ ಆಸೆ ಅದು. ಓದುಗರೇ, ಒಡಕಿನ ಮೊದಲ ಗೆರೆ ಇಲ್ಲೇ ಬಿತ್ತು.

1894ರ ಆಗಸ್ಟ್‌ನಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾಯಿತು. ಭಾರತೀಯರ ಮತದಾನದ ಹಕ್ಕನ್ನು ಕಸಿಯುವ ಮಸೂದೆಯ ವಿರುದ್ಧ ಹುಟ್ಟಿದ ಸಂಘ ಅದು. ಗಾಂಧಿಯವರು ಕಾರ್ಯದರ್ಶಿ. ದಾದಾ ಅಬ್ದುಲ್ಲಾ ಅವರಂಥ ವ್ಯಾಪಾರಿಗಳ ಹಣದ ಬಲ ಅದಕ್ಕಿತ್ತು. ಸದಸ್ಯತ್ವದ ವಾರ್ಷಿಕ ಚಂದಾ ಎಷ್ಟು ಗೊತ್ತೇ? ಕನಿಷ್ಠ ಮೂರು ಪೌಂಡ್. ಒಂದು ಪೌಂಡಿಗೆ 20 ಶಿಲ್ಲಿಂಗ್. ಅಂದರೆ ಹೊಸದಾಗಿ ಬಂದ ತೋಟದ ಕೂಲಿಯ ಆರು ತಿಂಗಳ ಸಂಬಳ. 'ಭಾರತೀಯರ ಸಂಘ' ಎಂಬ ಫಲಕವೇನೋ ಇತ್ತು. ಬಹುಪಾಲು ಭಾರತೀಯರಿಗೆ ಅದರ ಹೊಸ್ತಿಲು ದಾಟುವ ಶಕ್ತಿ ಇರಲಿಲ್ಲ.

ಮರುವರ್ಷವೇ ನೇಟಾಲ್ ಸರ್ಕಾರ ಇನ್ನೊಂದು ಕಾನೂನು ತಂದಿತು. ಕರಾರು ಮುಗಿದ ಮೇಲೆ ಮತ್ತೆ ಕರಾರಿಗೂ ಸೇರದೆ, ಊರಿಗೂ ಮರಳದೆ ಸ್ವತಂತ್ರವಾಗಿ ಉಳಿಯುವ ಕೂಲಿ ವರ್ಷಕ್ಕೊಂದು ತಲೆಗಂದಾಯ ಕೊಡಬೇಕು. ಮೊದಲು 25 ಪೌಂಡ್ ಎಂದಿದ್ದರು. ಕಾಂಗ್ರೆಸ್ ಪ್ರತಿಭಟಿಸಿತು, ಭಾರತದ ವೈಸರಾಯ್ ಅಷ್ಟಕ್ಕೆ ಒಪ್ಪಲಿಲ್ಲ. ಕೊನೆಗೆ ನಿಂತದ್ದು ಮೂರು ಪೌಂಡಿಗೆ. ಹೆಂಡತಿಗೂ ಮೂರು ಪೌಂಡ್. ಮುಂದೆ 16 ವರ್ಷ ದಾಟಿದ ಗಂಡುಮಗನಿಗೂ, 13 ದಾಟಿದ ಹೆಣ್ಣುಮಗಳಿಗೂ ಮೂರು ಪೌಂಡ್.

ಉಳ್ಳವನಿಗೆ ಮೂರು ಪೌಂಡ್ ಸದಸ್ಯತ್ವ. ಇಲ್ಲದವನಿಗೆ ಮೂರು ಪೌಂಡ್ ಶಿಕ್ಷೆ. ಕಾಂಗ್ರೆಸ್ ಈ ತೆರಿಗೆಯನ್ನು ಮನವಿಗಳಲ್ಲಿ ವಿರೋಧಿಸಿತು, ನಿಜ. ಆದರೆ ಹೋರಾಟದ ಮುಂಚೂಣಿಗೆ ಬಂದದ್ದು ಅಂಗಡಿಗಳ ಲೈಸನ್ಸು, ಪ್ರವೇಶದ ಪರವಾನಗಿ ಮತ್ತು ಮತದ ಹಕ್ಕು. ಕೂಲಿಯ ಮೂರು ಪೌಂಡ್ 18 ವರ್ಷ ಕಾಯಬೇಕಾಯಿತು.

ಪ್ರಮಾಣ ಮತ್ತು ದೊಣ್ಣೆ

1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಏಷ್ಯಾದವರೆಲ್ಲರೂ ಬೆರಳೊತ್ತು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕು, ಪೊಲೀಸರು ಕೇಳಿದಾಗ ಚೀಟಿ ತೋರಿಸಬೇಕು ಎಂಬ ಕಾಯಿದೆಗೆ ಕೈಹಾಕಿತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್‌ನಲ್ಲಿ ಸುಮಾರು 3,000 ಜನ ಸೇರಿದರು. ಅಬ್ದುಲ್ ಗನಿ ಅಧ್ಯಕ್ಷತೆ ವಹಿಸಿದ್ದರು. ಹಾಜಿ ಹಬೀಬ್ ಎಂಬ ಹಿರಿಯರು ಎದ್ದು, ಬರೀ ಠರಾವು ಸಾಲದು, ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡೋಣ ಎಂದರು. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಕೈಯೆತ್ತಿ ಪ್ರಮಾಣ ಮಾಡಿದರು. ಸತ್ಯಾಗ್ರಹವೆಂದು ಮುಂದೆ ಜಗತ್ತು ಕರೆದ ಚಳವಳಿ ಹುಟ್ಟಿದ್ದು ಆ ಸಭೆಯಲ್ಲಿ.

ಆ ಕಾಯಿದೆ ಚೀನೀಯರಿಗೂ ಅನ್ವಯವಾಗುತ್ತಿತ್ತು. ಲಿಯಂಗ್ ಕ್ವಿನ್ ಎಂಬವರ ಮುಂದಾಳತ್ವದಲ್ಲಿ ಅವರೂ ಜೊತೆಗೂಡಿದರು. ಕ್ವಿನ್ ಮತ್ತು ಗಾಂಧಿ ಒಂದೇ ಸಮಯದಲ್ಲಿ ಜೈಲಿನಲ್ಲಿದ್ದರು. ಮಾಲೀಕನ ಮಾತು ಕೇಳಿ ತಿಳಿಯದೆ ನೋಂದಣಿ ಮಾಡಿಸಿಕೊಂಡ ಒಬ್ಬ ಚೀನೀ ನೌಕರ, ಅದು ತನ್ನವರಿಗೆ ಮಾಡಿದ ದ್ರೋಹವೆಂದು ತಿಳಿದಾಗ ನಾಚಿಕೆಯಿಂದ ಆತ್ಮಹತ್ಯೆ ಮಾಡಿಕೊಂಡ. ಹೋರಾಟದ ಬಿಸಿ ಎಷ್ಟಿತ್ತು ಎಂಬುದಕ್ಕೆ ಇದು ಸಾಕ್ಷಿ; ತಪ್ಪಿದವರ ಮೇಲೆ ಸಮುದಾಯದ ಒತ್ತಡ ಎಷ್ಟಿತ್ತು ಎಂಬುದಕ್ಕೂ ಸಾಕ್ಷಿ. ಮುಂದೆ 1909ರಲ್ಲಿ ಚೀನೀಯರೂ ಎರಡು ಬಣವಾಗಿ ಬೀದಿಯಲ್ಲಿ ಹೊಡೆದಾಡಿಕೊಂಡರು.

1908ರ ಜನವರಿಯಲ್ಲಿ ಗಾಂಧಿಯವರು ಜನರಲ್ ಸ್ಮಟ್ಸ್ ಜೊತೆ ರಾಜಿಗೆ ಬಂದರು. ಭಾರತೀಯರು ತಾವಾಗಿಯೇ ನೋಂದಣಿ ಮಾಡಿಸಿಕೊಂಡರೆ ಕಾಯಿದೆ ರದ್ದಾಗುತ್ತದೆ ಎಂಬುದು ಗಾಂಧಿಯವರು ಅರ್ಥಮಾಡಿಕೊಂಡ ಷರತ್ತು. ನಿನ್ನೆಯವರೆಗೆ ಬೆರಳೊತ್ತು ಪಾಪ, ಇವತ್ತು ಅದೇ ಪುಣ್ಯ ಹೇಗಾಯಿತು ಎಂದು ಪಠಾಣರು ಕೇಳಿದರು. 15,000 ಪೌಂಡ್ ಲಂಚಕ್ಕೆ ಸಮುದಾಯವನ್ನು ಮಾರಿದರೆಂಬ ಸುದ್ದಿ ಹಬ್ಬಿತು. ಫೆಬ್ರವರಿ 10ರಂದು ನೋಂದಣಿ ಕಚೇರಿಗೆ ಹೊರಟ ಗಾಂಧಿಯವರನ್ನು ಮೀರ್ ಆಲಂ ಮತ್ತು ಸಂಗಡಿಗರು ಬೀದಿಯಲ್ಲೇ ಹೊಡೆದು ಕೆಡವಿದರು. ಅಡ್ಡಬಂದ ತಂಬಿ ನಾಯ್ಡು ಮತ್ತು ಈಸಪ್ ಮಿಯಾ ಅವರಿಗೂ ಪೆಟ್ಟು ಬಿತ್ತು. ಒಬ್ಬ ತಮಿಳು ಹಿಂದೂ, ಒಬ್ಬ ಗುಜರಾತಿ ಮುಸ್ಲಿಂ. ಹೊಡೆದವರ ಮೇಲೆ ಮೊಕದ್ದಮೆ ಬೇಡವೆಂದು ಗಾಂಧಿಯವರು ಹೇಳಿದರೂ ಸರ್ಕಾರ ಮೀರ್ ಆಲಂನನ್ನು ಜೈಲಿಗೆ ಕಳುಹಿಸಿತು.

ಇಲ್ಲಿ ನ್ಯಾಯವಾಗಿ ಯೋಚಿಸೋಣ. ಮೀರ್ ಆಲಂನ ಅನುಮಾನ ಸುಳ್ಳಾಗಲಿಲ್ಲ. ಸ್ಮಟ್ಸ್ ಕಾಯಿದೆಯನ್ನು ರದ್ದುಮಾಡಲೇ ಇಲ್ಲ. ರಾಜಿಯನ್ನು ಪ್ರಶ್ನಿಸಿದ್ದು ತಪ್ಪಲ್ಲ, ಕೈಮಾಡಿದ್ದು ತಪ್ಪು. ನಾಯಕನ ಕಡೆಯೂ ಕೊರತೆ ಇತ್ತು: ಅಷ್ಟು ದೊಡ್ಡ ನಿರ್ಧಾರವನ್ನು ಜನಕ್ಕೆ ಮನವರಿಕೆ ಮಾಡುವ ಮೊದಲೇ ಮಾತು ಕೊಟ್ಟಾಗಿತ್ತು. ಸಂಘಸಂಸ್ಥೆಗಳಲ್ಲಿ ಇಂದಿಗೂ ಅರ್ಧ ಜಗಳಗಳಿಗೆ ಇದೇ ಕಾರಣವಲ್ಲವೇ?

ಅದೇ ವರ್ಷ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಡಾಯಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಚೀಟಿಗಳನ್ನು ಸುಟ್ಟರು. ಆ ಗುಂಪಿನಿಂದ ಎದ್ದು ಬಂದವನು ಜೈಲಿನಿಂದ ಬಿಡುಗಡೆಯಾಗಿದ್ದ ಮೀರ್ ಆಲಂ. ತಾನು ಹೊಡೆದದ್ದು ತಪ್ಪಾಯಿತೆಂದು ಹೇಳಿ, ತನ್ನ ಚೀಟಿಯನ್ನೂ ಬೆಂಕಿಗೆ ಕೊಟ್ಟ. ಗಾಂಧಿಯವರು ಅವನ ಕೈ ಹಿಡಿದರು.

ಸೋತ ವ್ಯಾಪಾರಿ, ಸೋಲದ ವ್ಯಾಪಾರಿ

ಆದರೆ ಉತ್ಸಾಹ ಎಷ್ಟು ದಿನ? ಜೈಲಿಗೆ ಹೋದರೆ ಅಂಗಡಿ ಮುಚ್ಚುತ್ತದೆ, ಬಿಳಿಯ ಸಗಟು ವ್ಯಾಪಾರಿಗಳು ಸಾಲ ನಿಲ್ಲಿಸುತ್ತಾರೆ. ಒಬ್ಬೊಬ್ಬರಾಗಿ ದೊಡ್ಡವರು ಹಿಂದೆ ಸರಿದರು. 1909ರಲ್ಲಿ ಲಂಡನ್ನಿಗೆ ಹೋದ ನಿಯೋಗದಲ್ಲಿ ಗಾಂಧಿಯವರ ಜೊತೆಗಿದ್ದವರು, ಮೂರು ವರ್ಷದ ಹಿಂದೆ ಪ್ರಮಾಣ ಮಾಡಿಸಿದ್ದ ಅದೇ ಹಾಜಿ ಹಬೀಬ್. ಸರ್ಕಾರ ಅರ್ಧಂಬರ್ಧ ಕೊಡಲು ಬಂದಾಗ ಅವರು ಒಪ್ಪಿಕೊಳ್ಳೋಣವೆಂದರು, ಗಾಂಧಿಯವರು ಆಗದೆಂದರು. ಹಾಜಿ ಹಬೀಬರನ್ನು ಹಳಿಯುವುದು ಸುಲಭ. ಕಳೆದುಕೊಳ್ಳಲು ಆಸ್ತಿಯಿದ್ದವರ ಪರವಾಗಿ ಅವರು ಮಾತಾಡಿದ್ದರು, ಅದನ್ನು ಮುಚ್ಚಿಡಲೂ ಇಲ್ಲ.

ಅದೇ ವ್ಯಾಪಾರಿಗಳ ನಡುವೆ ಅಹ್ಮದ್ ಮುಹಮ್ಮದ್ ಕಾಛಲಿಯಾ ಎಂಬವರೂ ಇದ್ದರು. 1908ರಲ್ಲಿ ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್ನಿನ ಅಧ್ಯಕ್ಷರಾದವರು. ಹೋರಾಟ ಬಿಡದಿದ್ದರೆ ಬಾಕಿ ತಕ್ಷಣ ಕೊಡಿ ಎಂದು ಬಿಳಿಯ ಸಾಲಗಾರರು ಪಟ್ಟುಹಿಡಿದರು. ಕಾಛಲಿಯಾ ದಿವಾಳಿಯೆಂದು ಘೋಷಿಸಿಕೊಂಡರು, ಚಳವಳಿ ಬಿಡಲಿಲ್ಲ. ಅಂಗಡಿಯ ಲೆಕ್ಕ ತೆಗೆದಾಗ ಪ್ರತಿ ಪೌಂಡಿಗೆ ಪೂರ್ತಿ 20 ಶಿಲ್ಲಿಂಗ್ ತೀರಿತು. ಅವರಿಗೆ ಕೊರತೆ ಇದ್ದದ್ದು ಹಣದ್ದಲ್ಲ ಎಂಬುದು ಸಾಲಗಾರರಿಗೂ ಗೊತ್ತಾಯಿತು.

ನಿಕಾಹ್ ಮತ್ತು ತಲೆಗಂದಾಯ ಒಂದಾದಾಗ

1913ರ ಮಾರ್ಚ್ 14ರಂದು ಕೇಪ್ ಪ್ರಾಂತ್ಯದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಹಸನ್ ಈಸಪ್ ಎಂಬವರ ಪತ್ನಿ ಬಾಯಿ ಮರಿಯಂ ಅವರಿಗೆ ದೇಶದೊಳಗೆ ಪ್ರವೇಶವಿಲ್ಲ, ಏಕೆಂದರೆ ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ಆದ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಒಂದೇ ಏಟಿಗೆ ಮುಸ್ಲಿಮರ ನಿಕಾಹ್, ಹಿಂದೂಗಳ ವಿವಾಹ ಎರಡೂ ಅಸಿಂಧು. ಶ್ರೀಮಂತ ಸೇಠ್‌ನ ಪತ್ನಿಯೂ ಕೂಲಿಯ ಪತ್ನಿಯೂ ಒಂದೇ ಸಾಲಿನಲ್ಲಿ ನಿಂತರು.

ಇತ್ತ ಮೂರು ಪೌಂಡ್ ತೆರಿಗೆಯ ವಿಷಯ. ಡರ್ಬನ್ನಿನ ಪತ್ರಕರ್ತ ಪಿ.ಎಸ್. ಅಯ್ಯರ್ ಅದರ ವಿರುದ್ಧ ಮೊದಲೇ ದನಿಯೆತ್ತಿದ್ದರು; ಗಾಂಧಿಯವರ ಕಟು ಟೀಕಾಕಾರರೂ ಆಗಿದ್ದರು. 1912ರಲ್ಲಿ ಮಂತ್ರಿಗಳನ್ನು ಕಂಡ ಗೋಖಲೆಯವರು ತೆರಿಗೆ ರದ್ದಾಗುತ್ತದೆಂಬ ಭರವಸೆ ಸಿಕ್ಕಿತೆಂದು ನಂಬಿದ್ದರು. ಅಂಥ ಮಾತು ಕೊಟ್ಟೇ ಇಲ್ಲವೆಂದಿತು ಸರ್ಕಾರ. ಆಗ ಗಾಂಧಿಯವರು ಕೂಲಿಗಳ ಬೇಡಿಕೆಯನ್ನು ಸತ್ಯಾಗ್ರಹದ ಬೇಡಿಕೆಯಾಗಿ ಸೇರಿಸಿದರು.

ಅಕ್ಟೋಬರಿನಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಒಡೆಯಿತು. ಎಂ.ಸಿ. ಆಂಗ್ಲಿಯಾ ಮೊದಲಾದ ಪದಾಧಿಕಾರಿಗಳು ಗಾಂಧಿಯವರ ದಾರಿಯನ್ನು ವಿರೋಧಿಸಿದರು. ತಾವೇ ಕಟ್ಟಿದ ಸಂಘದಿಂದ ಗಾಂಧಿಯವರ ಕಡೆಯವರು ಹೊರಬಂದು ನೇಟಾಲ್ ಇಂಡಿಯನ್ ಅಸೋಸಿಯೇಷನ್ ಆರಂಭಿಸಿದರು.

ವಿಚಿತ್ರ ನೋಡಿ. ಸಂಘ ಒಡೆದ ಅದೇ ತಿಂಗಳಲ್ಲಿ ಸಮುದಾಯ ಹಿಂದೆಂದೂ ಇಲ್ಲದಷ್ಟು ಒಂದಾಯಿತು. ಕಸ್ತೂರ್‌ಬಾ ಜೈಲಿಗೆ ಹೋದರು. ಫಾತಿಮಾ ಶೇಖ್ ಮೆಹ್ತಾಬ್ ತಮ್ಮ ತಾಯಿ ಹನೀಫಾ ಬಾಯಿಯವರೊಡನೆ ಜೈಲು ಸೇರಿದರು. ತಮಿಳು ಹೆಣ್ಣುಮಕ್ಕಳು ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳಿಗೆ ಹೋಗಿ ಕೂಲಿಗಳಿಗೆ ತೆರಿಗೆಯ ಅನ್ಯಾಯವನ್ನು ಬಿಡಿಸಿ ಹೇಳಿದರು. ಗಣಿ ಕೆಲಸ ನಿಂತಿತು. ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಟ್ರಾನ್ಸ್‌ವಾಲ್ ಗಡಿಯತ್ತ ನಡೆದರು. ಮುಷ್ಕರ ಕಬ್ಬಿನ ತೋಟಗಳಿಗೆ ಹಬ್ಬಿ ಸಾವಿರಾರು ಕೂಲಿಗಳು ಕೆಲಸ ಬಿಟ್ಟರು. ಜೈಲಿನಲ್ಲಿ ಜ್ವರ ಹಿಡಿದ ಹದಿನಾರರ ಹುಡುಗಿ ವಲ್ಲಿಯಮ್ಮ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1914ರ ಫೆಬ್ರವರಿಯಲ್ಲಿ ಕಣ್ಮುಚ್ಚಿದಳು. ಅದೇ ವರ್ಷ ಬಂದ ಕಾನೂನಿನಲ್ಲಿ ಮೂರು ಪೌಂಡ್ ತೆರಿಗೆ ರದ್ದಾಯಿತು, ಒಬ್ಬ ಪತ್ನಿಯ ಮಟ್ಟಿಗೆ ಮದುವೆಗೂ ಮಾನ್ಯತೆ ಸಿಕ್ಕಿತು.

ಮೂರು ಪೌಂಡ್ ಚಂದಾ ಕೊಡಲಾಗದೆ ಸಂಘದ ಹೊರಗೆ ಉಳಿದಿದ್ದವರೇ ಸಂಘಕ್ಕೆ ಗೆಲುವು ತಂದುಕೊಟ್ಟರು.

ಹೊರಗೆ ಉಳಿದವರು ಇನ್ನೂ ಇದ್ದರು

ಇಷ್ಟರಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ನೆಲದ ಮೂಲ ಮಕ್ಕಳಾದ ಆಫ್ರಿಕನ್ನರು ಈ ಪಟ್ಟಿಯಲ್ಲಿ ಇರಲಿಲ್ಲ. ಆರಂಭದ ವರ್ಷಗಳಲ್ಲಿ ಗಾಂಧಿಯವರೇ ಅವರ ಬಗ್ಗೆ ಕೀಳಾಗಿ ಬರೆದಿದ್ದರು. ಭಾರತೀಯರನ್ನು ಅವರ ಸಾಲಿನಲ್ಲಿ ಇಡಬೇಡಿ ಎಂದು ವಾದಿಸಿದ್ದರು. 2018ರ ಡಿಸೆಂಬರಿನಲ್ಲಿ ಘಾನಾ ವಿಶ್ವವಿದ್ಯಾಲಯದ ಆವರಣದಿಂದ ಅವರ ಪ್ರತಿಮೆಯನ್ನು ತೆಗೆದದ್ದಕ್ಕೆ ಕಾರಣ ಆ ಬರಹಗಳು. ವ್ಯಾಪಾರಿ ಕೂಲಿಯಿಂದ ದೂರ ನಿಲ್ಲಲು 'ಅರಬ'ನಾದ; ಭಾರತೀಯ ಆಫ್ರಿಕನ್ನನಿಂದ ದೂರ ನಿಲ್ಲಲು 'ಬ್ರಿಟಿಷ್ ಪ್ರಜೆ'ಯಾದ. ರೋಗ ಒಂದೇ.

ಮದ್ದು ಹುಡುಕಿದ್ದು ಮುಂದಿನ ಪೀಳಿಗೆ. ಡಾ. ಯೂಸುಫ್ ದಾದೂ ಮತ್ತು ಅವರ ಗೆಳೆಯರು ಹಳೆಯ ವ್ಯಾಪಾರಿ ಮುಖಂಡರ ಅರ್ಜಿ ರಾಜಕೀಯವನ್ನು ಪ್ರಶ್ನಿಸಿದರು. 1939ರ ಜೂನ್ 4ರಂದು ಜೋಹಾನ್ಸ್‌ಬರ್ಗ್‌ನ ಒಂದು ಸಭೆಯಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. ಒಬ್ಬ ಕಾರ್ಯಕರ್ತ ಪ್ರಾಣ ಕಳೆದುಕೊಂಡರು. ಹೊಡೆದವರು ಬಿಳಿಯರಲ್ಲ.

1945ರಲ್ಲಿ ಈ ಹೊಸ ಗುಂಪು ಚುನಾವಣೆಯ ಮೂಲಕ ಕಾಂಗ್ರೆಸ್ಸುಗಳನ್ನು ಕೈಗೆ ತೆಗೆದುಕೊಂಡಿತು. ಮರುವರ್ಷ ಸರ್ಕಾರ ಭಾರತೀಯರ ಭೂಮಿಯ ಹಕ್ಕನ್ನು ಮೊಟಕುಗೊಳಿಸಿ, ಅದಕ್ಕೆ ಬದಲಾಗಿ ಪಾರ್ಲಿಮೆಂಟಿನಲ್ಲಿ ಬಿಳಿಯರ ಮೂಲಕ ಪ್ರಾತಿನಿಧ್ಯ ಕೊಡುತ್ತೇನೆಂದಾಗ ಅದನ್ನು ತಿರಸ್ಕರಿಸಿ ಸತ್ಯಾಗ್ರಹ ಹೂಡಿತು. ಎರಡು ವರ್ಷಗಳಲ್ಲಿ ಸುಮಾರು 2,000 ಜನ ಜೈಲಿಗೆ ಹೋದರು. 1947ರ ಮಾರ್ಚ್ 9ರಂದು ಮೂವರು ವೈದ್ಯರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಡಾ. ಕ್ಸೂಮಾ, ನೇಟಾಲಿನ ಡಾ. ನಾಯ್ಕರ್, ಟ್ರಾನ್ಸ್‌ವಾಲಿನ ಡಾ. ದಾದೂ. ಇನ್ನು ಮುಂದೆ ಹೋರಾಟ ಜೊತೆಯಾಗಿ ಎಂಬುದು ಅದರ ಸಾರ.

ಕಾಗದದ ಮೇಲಿನ ಸ್ನೇಹಕ್ಕೆ ಪರೀಕ್ಷೆ ಬೇಗನೆ ಬಂತು. 1949ರ ಜನವರಿಯಲ್ಲಿ ಡರ್ಬನ್ನಿನ ಭಾರತೀಯ ಅಂಗಡಿಯವನೊಬ್ಬ ಆಫ್ರಿಕನ್ ಹುಡುಗನಿಗೆ ಹೊಡೆದ. ಬಸ್ಸು, ಅಂಗಡಿ, ಬಾಡಿಗೆ ಇವುಗಳ ಬಗ್ಗೆ ವರ್ಷಗಳಿಂದ ಕೂಡಿಟ್ಟಿದ್ದ ಸಿಟ್ಟು ಭುಗಿಲೆದ್ದಿತು. 142 ಜನ ಸತ್ತರು. ಆಫ್ರಿಕನ್ನರು 87, ಭಾರತೀಯರು 50. ಅಲ್ಲಿಗೆ ಒಪ್ಪಂದ ಮುಗಿಯಿತೆಂದು ಸರ್ಕಾರ ಎಣಿಸಿರಬೇಕು. ಎರಡೂ ಕಡೆಯ ಮುಖಂಡರು ಒಟ್ಟಾಗಿ ಶಾಂತಿಗೆ ಕರೆಕೊಟ್ಟರು, ಒಟ್ಟಾಗಿಯೇ ಮುಂದುವರಿದರು.

ಭಾರತೀಯರ ಜೊತೆ ಕೈಜೋಡಿಸುವುದನ್ನು ತಾವೂ ಮೊದಲು ವಿರೋಧಿಸಿದ್ದಾಗಿ ನೆಲ್ಸನ್ ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1952ರ ಕಾನೂನುಭಂಗ ಚಳವಳಿಗೆ ಸ್ವಯಂಸೇವಕರ ಮುಖ್ಯಸ್ಥರು ಅದೇ ಮಂಡೇಲಾ. ಉಪಮುಖ್ಯಸ್ಥರು ಯಾರು ಬಲ್ಲಿರಾ? ದೇವಬಂದ್‌ನಲ್ಲಿ ಓದಿದ ಮೌಲವಿ ಇಸ್ಮಾಯಿಲ್ ಕಾಛಲಿಯಾ. ದಿವಾಳಿಯಾದರೂ ಬಾಗದ ಆ ಅಹ್ಮದ್ ಕಾಛಲಿಯಾ ಅವರ ಮಗ. ಆ ಚಳವಳಿಯಲ್ಲಿ 8,000ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ತಂದೆ ಭಾರತೀಯರ ಹಕ್ಕಿಗಾಗಿ ಅಂಗಡಿ ಕಳೆದುಕೊಂಡರು. ಮಗ ಎಲ್ಲರ ಹಕ್ಕಿಗಾಗಿ ಜೈಲಿಗೆ ನಡೆದರು. ಒಂದೇ ಮನೆಯೊಳಗೆ ಹೋರಾಟ ಎಷ್ಟು ದೂರ ಸಾಗಿತು ನೋಡಿ.

1984ರಲ್ಲಿ ಸರ್ಕಾರ ಮತ್ತೊಮ್ಮೆ ಅದೇ ಹಳೆಯ ಗಾಳ ಹಾಕಿತು. ಭಾರತೀಯರಿಗೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಸದನ. ಆಫ್ರಿಕನ್ನರಿಗೆ ಏನೂ ಇಲ್ಲ. ಒಳಗೆ ಹೋಗಿ ಹೋರಾಡೋಣ ಎಂದವರು ಇದ್ದರು, ಅದು ದ್ರೋಹ ಎಂದವರೂ ಇದ್ದರು. ಮನೆಮನೆಯಲ್ಲೂ ವಾದ ನಡೆಯಿತು. ಕೊನೆಗೆ ನೋಂದಾಯಿತ ಭಾರತೀಯ ಮತದಾರರಲ್ಲಿ ಮತ ಹಾಕಿದವರು ಐದರಲ್ಲಿ ಒಂದು ಪಾಲು ಮಾತ್ರ.

ನಮ್ಮ ಪುಸ್ತಕದಲ್ಲಿ ಯಾರ ಹೆಸರಿದೆ?

ಓದುಗರೇ, ಈ 90 ವರ್ಷಗಳ ಕಥೆಯಿಂದ ನನಗೆ ಹೊಳೆದದ್ದು ಇಷ್ಟು. ಜಗಳವಿಲ್ಲದ ಚಳವಳಿ ಎಲ್ಲೂ ಇರಲಿಲ್ಲ. 'ಒಂದಾಗಿ, ಒಂದಾಗಿ' ಎಂಬ ಭಾಷಣದಿಂದಲೂ ಯಾರೂ ಒಂದಾಗಲಿಲ್ಲ. ತನಗೆ ತಟ್ಟದ ಕಷ್ಟವನ್ನು ತನ್ನ ಬೇಡಿಕೆಗಳ ಪಟ್ಟಿಯಲ್ಲಿ ಬರೆದುಕೊಂಡಾಗಲೆಲ್ಲ ಒಗ್ಗಟ್ಟು ತಾನಾಗಿ ಬಂತು. ತನಗೊಂದು ತುಂಡು ಸಿಕ್ಕರೆ ಸಾಕೆಂದು ಕೈಚಾಚಿದಾಗಲೆಲ್ಲ ಒಡೆಯಿತು.

ನಮ್ಮ ಊರಿಗೆ ಬರೋಣ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ನಂತರ ಮೊಬೈಲ್ ಸಂದೇಶಗಳಲ್ಲಿ ಒಂದು ವದಂತಿ ಹಬ್ಬಿತು. ರಂಜಾನ್ ಮುಗಿದೊಡನೆ ಮುಸ್ಲಿಮರು ಈಶಾನ್ಯ ರಾಜ್ಯದವರ ಮೇಲೆ ದಾಳಿ ಮಾಡುತ್ತಾರೆ ಎಂದು. ಸಾವಿರಾರು ಯುವಕ ಯುವತಿಯರು ಗಂಟುಮೂಟೆ ಹೊತ್ತು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳು ಓಡಿದವು. ನಗರದ ಮುಸ್ಲಿಂ ಮುಖಂಡರು, ಸಂಘಟನೆಗಳು ಹೋಗಬೇಡಿ ಎಂದು ಮನವಿ ಮಾಡಿಕೊಂಡದ್ದು ಹೆಮ್ಮೆಯ ಸಂಗತಿ. ಆದರೆ ಅದಕ್ಕೂ ಮೊದಲು, ಅವರ ಮುಖ ನೋಡಿ ಬೀದಿಯಲ್ಲಿ ಹಂಗಿಸುತ್ತಿದ್ದಾಗ, ಬಾಡಿಗೆ ಮನೆ ಕೊಡದಿದ್ದಾಗ ನಾವು ಎಲ್ಲಿದ್ದೆವು? ಹೆಸರು ಕೇಳಿದ ಕೂಡಲೇ ಮನೆ ಖಾಲಿಯಿಲ್ಲ ಎನ್ನಿಸಿಕೊಂಡ ಅನುಭವ ನಮ್ಮಲ್ಲಿ ಎಷ್ಟು ಮಂದಿಗಿಲ್ಲ! ನಮ್ಮದು ಹೆಸರು, ಅವರದು ಮುಖ. ಮುಚ್ಚುವ ಬಾಗಿಲು ಒಂದೇ. ಆ ದೂರನ್ನು ಅವರ ಜೊತೆ ಸೇರಿ ಬರೆದಿದ್ದರೆ, ವದಂತಿಯನ್ನು ನಂಬುವ ಮೊದಲು ಅವರಲ್ಲಿ ಕೆಲವರಾದರೂ ನಮ್ಮನ್ನು ಕೇಳುತ್ತಿದ್ದರೇನೋ.

ಇನ್ನೂ ಹತ್ತಿರ ಬರೋಣ. ನಮ್ಮಂಥ ಸಂಘಗಳ ಸರ್ವಸದಸ್ಯರ ಸಭೆಯಲ್ಲಿ ಕುರ್ಚಿಗಾಗಿ, ಲೆಕ್ಕಪತ್ರಕ್ಕಾಗಿ ದನಿ ಏರುವುದು ಹೊಸದೇನಲ್ಲ. ಅದಕ್ಕೆ ಹೆದರಬೇಕಾಗಿಲ್ಲ, ಲೆಕ್ಕ ಕೇಳುವವನು ಶತ್ರುವಲ್ಲ ಎಂಬುದನ್ನು ಮೀರ್ ಆಲಂನ ಕಥೆ ಹೇಳುತ್ತದೆ. ಹೆದರಬೇಕಾದದ್ದು ಸಭೆಗೆ ಬರದವರ ಬಗ್ಗೆ. ಚಾಮರಾಜಪೇಟೆಯ ಓಣಿಯಲ್ಲಿ ಪಂಕ್ಚರ್ ಹಾಕುವ ಹುಡುಗ, ಮನೆಯಲ್ಲಿ ಕುಳಿತು ಅಗರಬತ್ತಿ ಹೊಸೆಯುವ ತಾಯಿ, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಅವಳ ಮಗಳು. ಅವರ ಹೆಸರಿನಲ್ಲಿ ನಾವು ಚಂದಾ ಎತ್ತುತ್ತೇವೆ, ಮನವಿಪತ್ರ ಬರೆಯುತ್ತೇವೆ. ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರಿದೆಯೇ?

ಮುಂದಿನ ಸಭೆಗೆ ಬಂದಾಗ ದಯವಿಟ್ಟು ಆ ಪುಸ್ತಕವನ್ನು ಒಮ್ಮೆ ತೆರೆಸಿ ನೋಡಿ. ನಮ್ಮ ಮೂರು ಪೌಂಡ್ ಎಷ್ಟೆಂದು ಅಲ್ಲಿ ತಿಳಿಯುತ್ತದೆ.